ಹಿತ್ತಿಲಿನ ಹುಳಕ್ಕೆ ಯಾವ ಮದ್ದು: ಬೂದಿಯೋ, ತೆಳಿಯೋ, ಬೇವೋ, ಬರೀ ಕಾಗದವೋ?

ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕದ ಕಡೆ ‘ಮದ್ದು ಬಿಡುವುದು’ ಎಂದರೆ ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತು ಸುಣ್ಣದ ದ್ರಾವಣ, ಸಿಂಪಡಿಸುವುದು. ಮಳೆ ಹಿಡಿಯುವ ಮೊದಲು ಒಂದು ಸಲ, ನಲುವತ್ತು ನಲುವತ್ತೈದು ದಿನ ಕಳೆದು ಬಿಸಿಲು ಕಂಡಾಗ ಇನ್ನೊಂದು ಸಲ. ರೋಗ ಒಂದು, ಮದ್ದು ಒಂದು, ಅಳತೆ ಬಾಯಿಪಾಠ. ಅದೇ ಅಭ್ಯಾಸದಲ್ಲಿ ಹಿತ್ತಿಲಿನ ತರಕಾರಿ ಸಾಲಿಗೆ ಬಂದವರು ಕೇಳುವುದೂ ಒಂದೇ ಪ್ರಶ್ನೆ: ‘ಹುಳಕ್ಕೆ ಏನು ಬಿಡುವುದು?’ ಯಾವ ಹುಳ ಎಂದು ತಿರುಗಿ ಕೇಳಿದರೆ ಹೆಚ್ಚಿನವರಿಗೆ ಬೇಸರ. ಗಿಡ ಹಾಳಾಗುತ್ತಿದೆ ಎಂದರೆ ಇವರು ಹುಳದ ಜಾತಕ ಕೇಳುತ್ತಾರಲ್ಲ ಎಂಬ ಮುಖ.

ಜಾತಕ ಬೇಡ, ಬಾಯಿ ಗೊತ್ತಿದ್ದರೆ ಸಾಕು. ತರಕಾರಿಗೆ ಬರುವ ಕೀಟಗಳಲ್ಲಿ ಕೆಲವು ರಸ ಹೀರುತ್ತವೆ, ಕೆಲವು ಎಲೆ ಕಡಿದು ತಿನ್ನುತ್ತವೆ, ಕೆಲವು ಕಾಯಿಯೊಳಗೋ ಕಾಂಡದೊಳಗೋ ಸೇರಿಕೊಂಡು ಹೊರಗೆ ತಲೆ ಹಾಕುವುದೇ ಇಲ್ಲ. ಹೀರುವ ಹೇನಿನ ಮೈಗೆ ತಾಗುವ ಮದ್ದು ಕಡಿದು ತಿನ್ನುವ ಹುಳಕ್ಕೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಒಳಗೆ ಕುಳಿತವನಿಗೆ ತಾಗುವುದೇ ಇಲ್ಲ. ಇಷ್ಟು ನೋಡದೆ ಬೇವಿನೆಣ್ಣೆಯ ಬಾಟಲಿ ಹಿಡಿದು ಎಲ್ಲದರ ಮೇಲೂ ಬಿಟ್ಟು, ಕೊನೆಗೆ ‘ಸಾವಯವವೆಲ್ಲ ಸುಮ್ಮನೆ, ಅದರಿಂದ ಏನೂ ಆಗುವುದಿಲ್ಲ’ ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಬೇವಿನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಸಾವಯವ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಸುಮ್ಮನೆ ಬಂದದ್ದಲ್ಲ ಎಂಬುದನ್ನೂ ಹೇಳಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದರು. ಗುರಿ ಗೇರಿನ ರಸ ಹೀರುವ ಚಹಾ ಸೊಳ್ಳೆ ಎಂಬ ತಿಗಣೆ. ಬಿದ್ದದ್ದು ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ತೋಡು, ನೀರಿನ ಸುರಂಗ, ಅಂಗಳಗಳ ಮೇಲೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಅದನ್ನು ನಿಲ್ಲಿಸಿತು, 2012ರಲ್ಲಿ ಕಾಸರಗೋಡನ್ನು ಸಾವಯವ ಜಿಲ್ಲೆ ಎಂದು ಘೋಷಿಸಿದರು. ಹಾಗಾಗಿ ರಾಸಾಯನಿಕ ಬೇಕೇ ಬೇಡವೇ ಎಂಬ ಚರ್ಚೆ ಈ ಬರಹದಲ್ಲಿಲ್ಲ. ಬೇಡ ಎಂದಾದ ಮೇಲೆ ಕೈಯಲ್ಲಿ ಉಳಿಯುವ ಹತ್ತು ದಾರಿಗಳಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕು ಎಂಬುದಷ್ಟೇ ವಿಷಯ.

ಹಾಗಲ, ಪಡುವಲ, ಹೀರೆ: ಹಣ್ಣುನೊಣದ ಲೆಕ್ಕ

ಅತಿ ಹೆಚ್ಚು ಕಾಯಿ ನುಂಗುವವನಿಂದಲೇ ಶುರು ಮಾಡುತ್ತೇನೆ. ಹಾಗಲದ ಚಪ್ಪರದಡಿ ನಿಂತು, ಹೊರಗಿನಿಂದ ಚಂದವಿರುವ, ಆದರೆ ಒಂದು ಕಡೆ ಸ್ವಲ್ಪ ಹಳದಿ ತಿರುಗಿ ಸೊಟ್ಟಗಾದ ಕಾಯಿಯನ್ನು ಕೊಯ್ದು ಸೀಳಿ ನೋಡಿ. ಬೀಜದ ಸುತ್ತ ಅಕ್ಕಿಯ ನುಚ್ಚಿನಂಥ ಬಿಳಿ ಹುಳಗಳು ಮಿಸುಕಾಡುತ್ತಿರುತ್ತವೆ. ಅಂಗೈ ಮೇಲೆ ಒಂದನ್ನು ಹಾಕಿಕೊಂಡರೆ ತಲೆ ಬಾಲ ಸೇರಿಸಿ ಬಿಲ್ಲಿನಂತೆ ಬಾಗಿ ಟಪ್ಪನೆ ಹಾರುತ್ತದೆ. ಮೊದಲ ಸಲ ಕಂಡವರು ಕಾಯಿಯನ್ನೇ ಬಿಸಾಡಿ ಓಡುತ್ತಾರೆ. ಆ ಹಾರಾಟಕ್ಕೆ ಕಾರಣವಿದೆ: ಕೊಳೆತ ಕಾಯಿಯಿಂದ ಹೊರಬಿದ್ದು, ಮಣ್ಣು ಸೇರಿ, ಅಲ್ಲಿ ಕೋಶ ಕಟ್ಟಬೇಕು. ಆ ಕೋಶದಿಂದ ಎದ್ದ ನೊಣ ಮತ್ತೆ ಚಪ್ಪರಕ್ಕೇ ಬರುತ್ತದೆ.

ನೊಣ ಮೊಟ್ಟೆ ಇಡುವುದು ಎಳೆಗಾಯಿಯ ಸಿಪ್ಪೆಯೊಳಗೆ ಚುಚ್ಚಿ. ಹುಳ ಕಣ್ಣಿಗೆ ಬೀಳುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಆದ್ದರಿಂದ ಇಲ್ಲಿ ಸಿಂಪಡಣೆಯ ಮದ್ದುಗಳೆಲ್ಲ ಹಿಂದಿನ ಸಾಲಿಗೆ. ಮುಂದೆ ನಿಲ್ಲುವುದು ಮುಚ್ಚುವುದು, ಮರುಳು ಮಾಡಿ ಹಿಡಿಯುವುದು ಮತ್ತು ಹೆಕ್ಕುವುದು.

ಕಾಗದದ ಕೊಟ್ಟೆ ಮುಚ್ಚುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ನಂಬಿಗಸ್ತ ದಾರಿ. ಹೆಣ್ಣು ಹೂವಿನ ಎಸಳು ಬಾಡಿ, ಕಾಯಿ ಕಿರುಬೆರಳಿನಷ್ಟಾದಾಗಲೇ ಹಳೆಯ ಪತ್ರಿಕೆಯ ಕೊಳವೆ ಮಾಡಿ ತೊಡಿಸಿ, ತೊಟ್ಟಿನ ಬಳಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟುವುದು. ಎರಡು ದಿನ ತಡವಾದರೂ ನೊಣ ಮೊದಲೇ ಬಂದು ಹೋಗಿರುತ್ತದೆ. ಆಗ ನಾವು ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗೆ. ಖರ್ಚು ಇಲ್ಲ, ಆದರೆ ಕೈಕೆಲಸ ಬೇಕು. ಹತ್ತು ಬಳ್ಳಿಗೆ ದಿನಕ್ಕೆ ಕಾಲು ಗಂಟೆ ಎಂದಿಟ್ಟುಕೊಳ್ಳಿ. ಗದ್ದೆ ಹಿಡಿದು ಮಾರಾಟಕ್ಕೆ ಬೆಳೆಯುವವರಿಗೆ ಇದು ಆಗುವ ಮಾತಲ್ಲ, ಮನೆ ಖರ್ಚಿಗೆ ಬೆಳೆಯುವವರಿಗೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಆಟಿ ತಿಂಗಳ ಮಳೆಗೆ ಪತ್ರಿಕೆ ಕರಗಿ ಕಾಯಿಗೆ ಅಂಟಿಕೊಳ್ಳುತ್ತದೆ. ಆಗ ಹಳೆಯ ಮಲ್ಲು ಬಟ್ಟೆಯ ಚೀಲ ವಾಸಿ. ಪ್ಲಾಸ್ಟಿಕ್ ತೊಟ್ಟೆಯನ್ನು ಹಲವರು ಕಟ್ಟುತ್ತಾರೆ. ಅಡಿಯಲ್ಲಿ ತೂತು ಮಾಡದಿದ್ದರೆ ಒಳಗೆ ನೀರಿಳಿದು ಕಾಯಿ ಬೆಂದ ಹಾಗೆ ಕೊಳೆಯುತ್ತದೆ. ಪಡುವಲಕ್ಕೆ ಕೊಟ್ಟೆ ಸಾಕಾಗುವುದಿಲ್ಲ, ಅದು ದಿನದಿನಕ್ಕೆ ಉದ್ದವಾಗುತ್ತದೆ. ನಮ್ಮ ದೊಡ್ಡಮ್ಮ ಪಡುವಲದ ತುದಿಗೆ ನೆಟ್ಟಗಾಗಲೆಂದು ಸಣ್ಣ ಮುರಕಲ್ಲಿನ ಚೂರು ಕಟ್ಟುವಾಗಲೇ ಮೇಲಿನ ಅರ್ಧಕ್ಕೆ ಬಾಳೆಯ ಒಣ ಪಟ್ಟೆ ಸುತ್ತುತ್ತಾರೆ. ಉಳಿದರ್ಧ ನೊಣದ ಪಾಲು ಎಂದುಕೊಂಡರೂ ನೊಣ ಅಷ್ಟು ತಿನ್ನುವುದಿಲ್ಲ.

ಎರಡನೆಯದು ಬಲೆ. ಇಲ್ಲಿ ದೊಡ್ಡ ಗೊಂದಲವಿದೆ. ತುಳಸಿ ಜಜ್ಜಿ ತೆಂಗಿನ ಗೆರಟೆಯಲ್ಲಿಟ್ಟು ಹಾಗಲದ ಚಪ್ಪರಕ್ಕೆ ತೂಗುಹಾಕುವವರನ್ನು ನೀವೂ ನೋಡಿರಬಹುದು. ತುಳಸಿಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ವಸ್ತು ಗಂಡುನೊಣಗಳನ್ನು ಸೆಳೆಯುವುದು ನಿಜ, ಆದರೆ ಅದು ಮಾವು, ಪೇರಳೆಗೆ ಬರುವ ನೊಣದ ಗಂಡು. ಹಾಗಲ, ಸೌತೆ, ಪಡುವಲಕ್ಕೆ ಬರುವುದು ಅದರ ದಾಯಾದಿ. ಅದಕ್ಕೆ ತುಳಸಿಯ ಗೊಡವೆಯಿಲ್ಲ. ಅದರ ಗಂಡು ಬೀಳುವುದು ಕ್ಯೂಲೂರ್ ಎಂಬ ಇನ್ನೊಂದು ಆಕರ್ಷಕಕ್ಕೆ. ಮಾವಿನ ಮರದ ತುಳಸಿ ಬಲೆಯಲ್ಲಿ ರಾಶಿ ನೊಣ ಬಿತ್ತು ಎಂದು ಖುಷಿಯಾಗಿ ಅದನ್ನೇ ತಂದು ಚಪ್ಪರಕ್ಕೆ ಕಟ್ಟಿದರೆ ಬೀಳುವುದೂ ಮಾವಿನ ನೊಣವೇ, ಹಾಗಲ ಮಾತ್ರ ಹಿಂದಿನಂತೆಯೇ ಕೊಳೆಯುತ್ತದೆ.

ಕ್ಯೂಲೂರ್ ಬಲೆ ಕೃಷಿ ಅಂಗಡಿಗಳಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಆಕರ್ಷಕ ಹೀರಿದ ಪ್ಲೈವುಡ್ ತುಂಡು. ಆ ತುಂಡಿಗೆ ಬಹಳ ಸಲ ನೊಣ ಸಾಯಲೆಂದು ಒಂದಿಷ್ಟು ಕೀಟನಾಶಕವೂ ಸೇರಿರುತ್ತದೆ. ತರಕಾರಿಗೆ ತಾಗುವುದಿಲ್ಲ ನಿಜ, ಆದರೆ ಕೈಯಲ್ಲಿ ಮುಟ್ಟಿ ಮೂಸುವ ವಸ್ತುವಲ್ಲ, ಮಕ್ಕಳ ಕೈಗೆ ಎಟಕುವಂತೆ ಕಟ್ಟಬೇಡಿ. ಒಂದು ತುಂಡು ಎರಡು ಮೂರು ತಿಂಗಳು ಬಾಳುತ್ತದೆ. ಇದರ ದೌರ್ಬಲ್ಯ ಬೇರೆಯೇ: ಬೀಳುವುದು ಗಂಡು ಮಾತ್ರ. ಪಕ್ಕದ ಮನೆಯ ಚಪ್ಪರದಲ್ಲಿ ಗಂಡಿನೊಡನೆ ಕೂಡಿ ಬಂದ ಹೆಣ್ಣು ನಮ್ಮ ಹಾಗಲವನ್ನು ನೆಮ್ಮದಿಯಿಂದ ಚುಚ್ಚುತ್ತದೆ. ಗದ್ದೆಯ ಬೈಲಿನಲ್ಲಿ ಹತ್ತು ಮನೆಯವರು ಒಟ್ಟಿಗೆ ಕಟ್ಟಿದರೆ ಫಲ ಎದ್ದು ಕಾಣುತ್ತದೆ. ಗುಡ್ಡದ ಮೇಲಿನ ಒಂಟಿ ಮನೆಯಲ್ಲೂ ಪರವಾಗಿಲ್ಲ. ನಡುವೆ ಸಿಕ್ಕಿಕೊಂಡ ಒಬ್ಬರೇ ಕಟ್ಟಿದರೆ ಡಬ್ಬಿ ತುಂಬಿದ ಸಂತೋಷ ಮಾತ್ರ.

ಹೆಣ್ಣನ್ನೂ ಎಳೆಯಬೇಕಾದರೆ ತಿಂಡಿಯ ಆಸೆ ತೋರಿಸಬೇಕು. ಕಳಿತ ಮೈಸೂರು ಬಾಳೆಹಣ್ಣು, ಬೆಲ್ಲ, ಸ್ವಲ್ಪ ನೀರು ಹಿಸುಕಿ ಒಂದು ದಿನ ಹುಳಿಯಲು ಬಿಟ್ಟು, ಸಾಬೂನು ನೀರು ಬೆರೆಸಿ ಗೆರಟೆಯಲ್ಲಿ ತೂಗುಹಾಕುವುದು. ಗಂಡು ಹೆಣ್ಣು ಎರಡೂ ಬಂದು ಮುಳುಗುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಬದಲಿಸದಿದ್ದರೆ ಒಣಗಿ ಇರುವೆಯ ಹಬ್ಬವಾಗುತ್ತದೆ. ಜೇನು ಸಾಕುವವರು ಈ ದಾರಿಗೆ ಹೋಗಬೇಡಿ, ಬೆಲ್ಲ ನೊಣಕ್ಕೆ ಮಾತ್ರ ಸಿಹಿಯಲ್ಲ.

ಮೂರನೆಯದು ಬಿದ್ದ ಕಾಯಿಯನ್ನು ಹೆಕ್ಕುವುದು. ಇದನ್ನು ಮಾಡದೆ ಮೇಲಿನ ಎರಡನ್ನು ಮಾಡಿದರೆ ದೋಣಿಯ ತೂತು ಮುಚ್ಚದೆ ನೀರು ಮೊಗೆದಂತೆ. ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯಬಾರದು. ಅಲ್ಲಿ ಹುಳ ಸುಖವಾಗಿ ಕೋಶ ಕಟ್ಟುತ್ತದೆ. ಬಕೆಟಿನ ನೀರಿನಲ್ಲಿ ಮುಳುಗಿಸಿ ವಾರ ಬಿಟ್ಟು ಆಮೇಲೆ ತೆಂಗಿನ ಬುಡಕ್ಕೆ ಹಾಕಬಹುದು. ಚಪ್ಪರದಡಿಯ ಮಣ್ಣನ್ನು ಆಗಾಗ ಮೇಲೆ ಮೇಲೆ ಕೆದಕಿ ಬಿಡಿ, ಊರ ಕೋಳಿಯಿದ್ದರೆ ಅದೇ ಕೆದಕಿಕೊಳ್ಳುತ್ತದೆ.

ಅಲಸಂಡೆಯ ಹೇನು: ಹೀರುವವರಿಗೆ ನಾಲ್ಕು ಉತ್ತರ

ಅಲಸಂಡೆಯ ಎಳೆ ಕೋಡು, ಕುಡಿ, ಹೂವಿನ ತೊಟ್ಟು ಎಲ್ಲ ಕರಿ ಎಳ್ಳು ಅಂಟಿಸಿದ ಹಾಗೆ ಕಪ್ಪಾಗಿದ್ದರೆ ಅದು ಸಸ್ಯಹೇನು. ಇರುವೆಗಳು ಹತ್ತಿ ಇಳಿಯುತ್ತಿದ್ದರೆ ಹೇನು ಇರುವ ಸಂಭವ ಹೆಚ್ಚು. ಹೇನು ಬಿಡುವ ಸಿಹಿರಸಕ್ಕಾಗಿ ಇರುವೆ ಅದನ್ನು ಹಸು ಸಾಕಿದಂತೆ ಸಾಕುತ್ತದೆ, ತಿನ್ನಲು ಬಂದ ಗುಲಗಂಜಿ ಹುಳವನ್ನು ಓಡಿಸುತ್ತದೆ. ಇಲ್ಲಿ ಆಯ್ಕೆ ಹೆಚ್ಚಿದೆ, ಹೋಲಿಕೆ ಮಾಡಲು ರುಚಿಯೂ ಇದೆ.

ಬಚ್ಚಲು ಒಲೆಯ ಬೂದಿ ಎಲ್ಲಕ್ಕಿಂತ ಸಲೀಸು. ಜರಡಿ ಹಿಡಿದು, ಬೆಳಿಗ್ಗೆ ಇಬ್ಬನಿ ಆರುವ ಮೊದಲು ಮುಷ್ಟಿಯಿಂದ ಎರಚುವುದು. ಹೇನು ಈಗಷ್ಟೇ ಒಂದೆರಡು ಕುಡಿಯಲ್ಲಿ ಕಂಡಿದ್ದರೆ ಇದೇ ಸಾಕು. ಸೌತೆ, ಕುಂಬಳದ ಎಳೆ ಎಲೆಯನ್ನು ತೂತು ಮಾಡುವ ಕಿತ್ತಳೆ ಬಣ್ಣದ ದುಂಬಿಗೂ ಬೂದಿ ಚೆನ್ನಾಗಿ ಆಗುತ್ತದೆ. ಹೇನು ಕಪ್ಪಗೆ ಮೆತ್ತಿಕೊಂಡ ಮೇಲೆ ಬೂದಿ ಎರಚಿದರೆ ಮೇಲಿನ ಪದರ ಬೂದುಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಒಂದು ಮಳೆ ಬಂದರೆ ಅದೂ ಇಲ್ಲ.

ಕುಚ್ಚಲಕ್ಕಿಯ ತೆಳಿ, ಅಂದರೆ ಅನ್ನ ಬಸಿದ ಗಂಜಿನೀರು, ಎರಡನೆಯದು. ಹಿಂದಿನ ದಿನದ ತೆಳಿಗೆ ಅಷ್ಟೇ ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ, ಬಿಸಿಲೇರುವ ಹೊತ್ತಿಗೆ ಸಿಂಪಡಿಸುತ್ತೇವೆ. ಒಣಗಿದಾಗ ತೆಳುವಾದ ಹೊದಿಕೆಯಾಗಿ ಹೇನು, ಬಿಳಿನೊಣದ ಮೈ ಬಿಗಿಯುತ್ತದೆ, ಮತ್ತೆ ಸಿಪ್ಪೆಯಂತೆ ಉದುರುತ್ತದೆ. ಬೇಸಗೆಯ ಬಿರುಬಿಸಿಲಲ್ಲಿ ಮಾತ್ರ ಇದರ ಆಟ. ಮೋಡದ ದಿನ ಸಿಂಪಡಿಸಿದರೆ ಎಲೆಯ ಮೇಲೆ ಕಪ್ಪು ಬೂಷ್ಟು ಬೆಳೆಯಬಹುದು. ಮೆಣಸಿನ ಗಿಡಕ್ಕೂ ಒಳ್ಳೆಯದು. ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ ಎಂದು ಅಂದಾಜು ಮಾಡಬಹುದು. ಸೋಸದ ತೆಳಿ ತುಂಬಿದರೆ ಪಂಪಿನ ಮೂತಿ ಕಟ್ಟುತ್ತದೆ ಎಂಬುದಕ್ಕೆ ಅಂದಾಜು ಬೇಡ.

ಬೇವಿನೆಣ್ಣೆ ಬೆಳ್ಳುಳ್ಳಿ ಮಿಶ್ರಣ ಮೂರನೆಯದು, ಇವುಗಳಲ್ಲಿ ಬಲವಾದದ್ದು. ಕೇರಳದ ಕೃಷಿ ಇಲಾಖೆಯವರು ಹೇಳಿಕೊಡುವ ಅಳತೆ ನೆನಪಿಡಲು ಸುಲಭ: ಹತ್ತು ಲೀಟರಿಗೆ 200 ಮಿಲಿ ಬೇವಿನೆಣ್ಣೆ, 200 ಗ್ರಾಂ ಬೆಳ್ಳುಳ್ಳಿ, 50ರಿಂದ 60 ಗ್ರಾಂ ಬಾರ್ ಸಾಬೂನು. ಹಿತ್ತಿಲಿಗೆ ಒಂದು ಲೀಟರು ಸಾಕಾದರೆ ಎಲ್ಲವನ್ನೂ ಹತ್ತರಿಂದ ಭಾಗಿಸಿ: 20 ಮಿಲಿ, 20 ಗ್ರಾಂ, 5 ಗ್ರಾಂ. ಸಾಬೂನನ್ನು ತುರಿದು ಉಗುರುಬಿಸಿ ನೀರಿನಲ್ಲಿ ಕರಗಿಸಿ, ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಚೆನ್ನಾಗಿ ಕದಡಬೇಕು. ಮಜ್ಜಿಗೆಯಂತೆ ಬೆಳ್ಳಗೆ ಕೂಡಿಕೊಂಡರೆ ಸರಿ. ಮೇಲೆ ಎಣ್ಣೆ ತೇಲುತ್ತಿದ್ದರೆ ಇನ್ನೂ ಕದಡಬೇಕು. ಆಮೇಲೆ ಬೆಳ್ಳುಳ್ಳಿಯ ರಸ, ಕೊನೆಗೆ ನೀರು. ಅದೇ ದಿನ ಮುಗಿಸಬೇಕು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳುತ್ತೇನೆ. ಒಂದು ವರ್ಷ ಬಾರ್ ಸಾಬೂನು ಮುಗಿದಿತ್ತು. ಬಟ್ಟೆ ಒಗೆಯುವ ಪುಡಿಯೂ ಸಾಬೂನೇ ತಾನೆ ಎಂದು ಎರಡು ಚಮಚ ಹಾಕಿದೆ. ನೊರೆ ಚೆನ್ನಾಗಿ ಬಂತು. ಮೂರನೆಯ ದಿನ ಅಲಸಂಡೆಯ ಎಲೆಗಳ ಅಂಚು ಹಪ್ಪಳ ಸುಟ್ಟಂತಾಯಿತು. ಹೇನೂ ಸತ್ತಿತ್ತು ಅನ್ನಿ. ಅಂದಿನಿಂದ ಹೊಸದಾಗಿ ಏನು ಕಲಸಿದರೂ ಮೊದಲು ಎರಡೇ ಎಲೆಗೆ ಬಿಟ್ಟು ಒಂದು ದಿನ ಕಾಯುತ್ತೇನೆ.

ಬೇವಿನ ಗುಣ ಬಿಸಿಲಿಗೆ ಬೇಗ ಇಳಿದುಹೋಗುತ್ತದೆ, ಆದ್ದರಿಂದ ಸಂಜೆ ಬಿಡುವುದು. ಎಲೆಯ ಅಡಿಭಾಗಕ್ಕೆ ತಾಗಬೇಕು, ಹೀರುವವರೆಲ್ಲ ಇರುವುದು ಅಲ್ಲೇ. ವಾರಕ್ಕೊಮ್ಮೆಯಂತೆ ಎರಡು ಮೂರು ಸಲ. ಆದರೆ ಹರಿವೆ, ಬಸಳೆಯಂಥ ಸೊಪ್ಪಿಗೆ ಇದನ್ನು ಬಿಟ್ಟರೆ ತಂಬುಳಿಯಲ್ಲೂ ಬೇವು, ಬೆಳ್ಳುಳ್ಳಿ ಮೂಗಿಗೆ ಬಡಿಯುತ್ತದೆ. ಹರಿವೆ ತಿಂಗಳ ಬೆಳೆ. ಎಲೆ ಹೆಣೆಯುವ ಹುಳ ಬಂದ ಗಿಡವನ್ನು ಬೇರುಸಹಿತ ಕಿತ್ತು ಹಸುವಿಗೆ ಹಾಕುವುದೇ ಜಾಣತನ.

ಹಾಗೆಯೇ, ಬೇವಿನ ಬೀಜದ ಕಷಾಯವನ್ನು ಘಟ್ಟದ ಮೇಲಿನವರು ಬಹಳ ಹೊಗಳುತ್ತಾರೆ. ಒಣ ಸೀಮೆಯಲ್ಲಿ ಬೇವು ರಸ್ತೆ ಬದಿಯ ಮರ. ನಮ್ಮ ಮಳೆಯ ನಾಡಿನಲ್ಲಿ ಬೀಜ ಹೆಕ್ಕುವಷ್ಟು ಬೇವು ಎಲ್ಲಿದೆ? ಅಂಗಡಿಯ ಎಣ್ಣೆಯೇ ಗತಿ. ತಣ್ಣಗೆ ಹಿಂಡಿದ, ಕಟುವಾಸನೆಯ, ಕಂದು ಬಣ್ಣದ ಎಣ್ಣೆ ನೋಡಿ ತನ್ನಿ. ವಾಸನೆಯೇ ಇಲ್ಲದ ತಿಳಿಯೆಣ್ಣೆಗೆ ಬೇವಿನ ಹೆಸರು ಮಾತ್ರ ಇರುತ್ತದೆ.

ನಾಲ್ಕನೆಯದು ಹೊಗೆಸೊಪ್ಪಿನ ಕಷಾಯ. ಹೊಸದುರ್ಗದ ಕಡೆ ಕರಾವಳಿಯ ಗದ್ದೆಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದುದರಿಂದ ನಮ್ಮ ಜಿಲ್ಲೆಗೆ ಇದು ಹಳೆಯ ಪರಿಚಯ. ಅರ್ಧ ಕಿಲೋ ಹೊಗೆಸೊಪ್ಪನ್ನು ನಾಲ್ಕೂವರೆ ಲೀಟರು ನೀರಿನಲ್ಲಿ ಒಂದು ದಿನ ನೆನೆಸಿ, ಸಾಬೂನು ಸೇರಿಸಿ, ಆರೇಳು ಪಟ್ಟು ನೀರು ಬೆರೆಸಿ ಬಿಡುವುದು. ಹೇನು ತಟ್ಟನೆ ಸಾಯುತ್ತದೆ. ಸಾಯದೇ ಏನು, ಅದು ನಿಕೋಟಿನ್. ಜೇನಿಗೂ ವಿಷ, ಗುಲಗಂಜಿ ಹುಳಕ್ಕೂ ವಿಷ, ಕೈ ತೊಳೆಯದೆ ಊಟಕ್ಕೆ ಕುಳಿತವರಿಗೂ ಒಳ್ಳೆಯದಲ್ಲ. ಗಿಡದಿಂದ ಬಂದದ್ದೆಲ್ಲ ಸಾಧುವೆಂದು ನಂಬುವವರು ಕಾಸರಕದ ಕಾಯಿಯನ್ನು ನೆನಪಿಸಿಕೊಳ್ಳಲಿ. ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂತು ಎನ್ನುವವರಿದ್ದಾರೆ, ಅದರ ಬೀಜ ಎಂಥ ವಿಷವೆಂಬುದು ಎಲ್ಲರಿಗೂ ಗೊತ್ತು. ನಾನು ಹೊಗೆಸೊಪ್ಪಿನ ಕಷಾಯ ಬಳಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ತಿನ್ನುವ ಕೋಡಿನ ಮೇಲಂತೂ ಬೇಡವೇ ಬೇಡ.

ಇವೆಲ್ಲದಕ್ಕೂ ಮೊದಲು ಒಂದು ಕೆಲಸವಿದೆ. ಹೇನಿನ ಗುಂಪನ್ನು ಹತ್ತಿರದಿಂದ ನೋಡಿ. ನಡುನಡುವೆ ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಅಲುಗಾಡದ ಹೇನುಗಳಿದ್ದರೆ ಅವುಗಳ ಹೊಟ್ಟೆಯೊಳಗೆ ಸಣ್ಣ ಕಣಜದ ಮರಿ ಬೆಳೆಯುತ್ತಿದೆ. ಮೊಸಳೆಯ ಮರಿಯಂಥ ಆಕಾರದ, ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ ಪುಟ್ಟ ಹುಳ ಓಡಾಡುತ್ತಿದ್ದರೆ ಅದು ಗುಲಗಂಜಿ ಹುಳದ ಮರಿ, ಹೇನನ್ನೇ ತಿಂದು ಬದುಕುವುದು. ಇವಿದ್ದರೆ ನಾಲ್ಕು ದಿನ ಕೈಕಟ್ಟಿ ಕುಳಿತುಕೊಳ್ಳಿ. ಸಾಬೂನು ನೀರು ಇವುಗಳನ್ನೂ ಕೊಲ್ಲುತ್ತದೆ. ಕೈ ಕಟ್ಟಲು ಆಗದವರು ಬುಡದಲ್ಲಿ ಇರುವೆಯ ದಾರಿಗೆ ಬೂದಿ ಹಾಕಿ, ಅಷ್ಟಕ್ಕೇ ಗುಲಗಂಜಿ ಹುಳಕ್ಕೆ ಬಾಗಿಲು ತೆರೆಯುತ್ತದೆ.

ಅಲಸಂಡೆಗೆ ಇನ್ನೊಂದು ಹೀರುವ ಶತ್ರು ಕಂದುಬಣ್ಣದ ಉದ್ದ ತಿಗಣೆ. ಕೋಡಿನ ಕಾಳು ಚುಚ್ಚಿ ಜಳ್ಳು ಮಾಡುತ್ತದೆ. ಅದರ ಮರಿಗಳು ತದ್ರೂಪ ಕಪ್ಪು ಇರುವೆ! ಇರುವೆಯೆಂದು ನಾವು ಬಿಟ್ಟದ್ದು ವಾರದಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ. ಬೂದಿ, ತೆಳಿ, ಬೇವು ಯಾವುದಕ್ಕೂ ಇದು ಅಷ್ಟಾಗಿ ಬಗ್ಗುವುದಿಲ್ಲ. ಬೆಳಗ್ಗಿನ ಚಳಿಗೆ ಮಂಕಾಗಿರುವಾಗ ಸಾಬೂನು ನೀರಿನ ಅಗಲ ಪಾತ್ರೆ ಅಡಿಗೆ ಹಿಡಿದು ಬಳ್ಳಿ ಅಲುಗಿಸುವುದೇ ಉಪಾಯ.

ಬೆಂಡೆಯ ಬಿಳಿನೊಣದ ಮಾತು ಬೇರೆ. ಅದು ಹೀರುವ ರಸಕ್ಕಿಂತ ಹರಡುವ ಹಳದಿ ನರದ ರೋಗ ಕೆಟ್ಟದ್ದು. ಎಲೆಯ ನರವೆಲ್ಲ ಹಳದಿಯಾದ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ಹಳದಿ ಡಬ್ಬಿಗೆ ಹರಳೆಣ್ಣೆ ಸವರಿ ನಿಲ್ಲಿಸಿದರೆ ಬಿಳಿನೊಣ ಅಂಟುತ್ತದೆ, ಎಷ್ಟಿದೆ ಎಂಬ ಲೆಕ್ಕವೂ ಸಿಗುತ್ತದೆ. ಎಲ್ಲಕ್ಕಿಂತ ಮೊದಲು ಬೀಜ: ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕದಂಥ, ಈ ರೋಗವನ್ನು ತಾಳಿಕೊಳ್ಳುವ ತಳಿ ಹಾಕಿದರೆ ಅರ್ಧ ತಲೆನೋವು ಕಡಿಮೆ.

ಕಡಿಯುವವರು ಮತ್ತು ಕೊರೆಯುವವರು

ಎಲೆ ತಿನ್ನುವ ಕಂಬಳಿಹುಳ, ಬೆಂಡೆಯ ಎಲೆ ಸುರುಳಿ ಸುತ್ತುವ ಹುಳಕ್ಕೆ ಗೋಮೂತ್ರ ಗಾಂಧಾರಿ ಮೆಣಸಿನ ಮದ್ದು ನಮ್ಮಲ್ಲಿ ಪ್ರಸಿದ್ಧ. ಒಂದು ಮುಷ್ಟಿ ಗಾಂಧಾರಿ ಅರೆದು ಒಂದು ಲೀಟರು ಗೋಮೂತ್ರದಲ್ಲಿ ಕದಡಿ, 60 ಗ್ರಾಂ ಸಾಬೂನು ಸೇರಿಸಿ ಸೋಸಿ, ಹತ್ತು ಲೀಟರಾಗುವಷ್ಟು ನೀರು. ಕಾಸರಗೋಡು ಗಿಡ್ಡ ಹಸುವಿರುವ ಮನೆಗೆ ಖರ್ಚೇ ಇಲ್ಲ. ಹುಳ ಎಳೆಯದಾಗಿದ್ದರೆ ಬಿಟ್ಟು ಓಡುತ್ತದೆ, ಬಲಿತದ್ದಕ್ಕೆ ಅಷ್ಟು ತಾಗುವುದಿಲ್ಲ. ಗಾಳಿಗೆದುರಾಗಿ ನಿಂತು ಬಿಟ್ಟರೆ ಹುಳಕ್ಕಿಂತ ಮೊದಲು ನಾವು ಓಡಬೇಕಾಗುತ್ತದೆ. ಕನ್ನಡಕ, ಮುಖಕ್ಕೆ ಬೈರಾಸು ಇರಲಿ.

ಇದರ ಬದಲಿಗೆ ಬಿಟಿ ಎಂಬ ಸೂಕ್ಷ್ಮಾಣುವಿನ ಮದ್ದು ಸಿಗುತ್ತದೆ. ಅದು ಕಂಬಳಿಹುಳದ ಜಾತಿಗೆ ಮಾತ್ರ, ಅದೂ ತಿಂದರೆ ಮಾತ್ರ ತಾಗುತ್ತದೆ. ಜೇನಿಗೆ, ಗುಲಗಂಜಿ ಹುಳಕ್ಕೆ ತೊಂದರೆಯಿಲ್ಲ. ಹುಳ ಹೆಚ್ಚಿದ್ದು ಕೈಯಲ್ಲಿ ಹೆಕ್ಕಿ ಮುಗಿಯದಾದಾಗ ನಾನು ಇದನ್ನೇ ಆರಿಸುತ್ತೇನೆ. ಹತ್ತು ಗಿಡದ ಹಿತ್ತಿಲಾದರೆ ಸುರುಳಿ ಎಲೆಯನ್ನು ಹುಳ ಸಮೇತ ಚಿವುಟಿ ಹಾಕುವುದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ.

ಬದನೆ, ಹಾಗಲದ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ದುಂಬಿಯನ್ನು ಗುಲಗಂಜಿ ಹುಳವೆಂದು ಕಾಪಾಡುವವರಿದ್ದಾರೆ. ಎರಡೂ ಅರ್ಧ ಗೋಲಿಯ ಆಕಾರ, ಎರಡಕ್ಕೂ ಚುಕ್ಕೆ. ಹೊಳೆಯುವ ಬೆನ್ನಿನದು ಮಿತ್ರ. ಬೆನ್ನು ಮಂಕಾಗಿ, ಸಣ್ಣ ರೋಮ ಇದ್ದು, ಚುಕ್ಕೆ ತುಂಬ ಇದ್ದರೆ ಶತ್ರು. ಅದರ ಮರಿ ಎಲೆಯಡಿಯಲ್ಲಿ ಹಳದಿ ಮುಳ್ಳಿನ ಉಂಡೆಯಂತಿರುತ್ತದೆ. ಬೆಳಿಗ್ಗೆ ಹೆಕ್ಕಿ ಸಾಬೂನು ನೀರಿಗೆ ಹಾಕಿ, ಮೊಟ್ಟೆಯ ಗುಂಪಿರುವ ಎಲೆಯನ್ನೂ ಕಿತ್ತುಬಿಡಿ. ಮದ್ದು ಬೇಕಾಗಿಯೇ ಇಲ್ಲ.

ಬದನೆಯ ಕುಡಿ ಕೊರಕಕ್ಕೆ ಸಿಂಪಡಣೆ ದಂಡ. ಬಾಡಿದ ಕುಡಿ ಕಂಡ ದಿನವೇ ಹಸಿರು ಭಾಗ ಸೇರಿಸಿ ಒಂದು ಗೇಣು ಕತ್ತರಿಸಿ ಸುಡುವುದು, ತೂತಾದ ಕಾಯಿಯನ್ನು ಗಿಡದಲ್ಲಿ ಬಿಡದಿರುವುದು, ಸಾಧ್ಯವಾದರೆ ಅದರದೇ ಮೋಹಕ ಬಲೆ ಕಟ್ಟುವುದು. ವಾರ ತಪ್ಪದೆ ಎರಡು ತಿಂಗಳು ಮಾಡಿದರೆ ಕಾಯಿ ಸಿಗುತ್ತದೆ, ತಪ್ಪಿದರೆ ಪೇಟೆಯ ಬದನೆ.

ಪೊಟ್ಟಣದ ಪುಡಿಗಳು

ಬಿವೇರಿಯಾ, ಲೆಕಾನಿಸಿಲಿಯಂ, ಸ್ಯೂಡೋಮೊನಾಸ್, ಟ್ರೈಕೋಡರ್ಮಾ: ನಾಲ್ಕೂ ಒಂದೇ ತೆರನ ಬಿಳಿ, ಬೂದು ಪುಡಿಯ ಪೊಟ್ಟಣಗಳು. ಚೀಟಿಯಲ್ಲಿ ಹೆಚ್ಚಾಗಿ ಮಲಯಾಳ ಮತ್ತು ಇಂಗ್ಲಿಷ್. ನಮ್ಮ ಪರಿಚಯದವರೊಬ್ಬರು ಬಿಳಿನೊಣಕ್ಕೆಂದು ಒಂದು ತಿಂಗಳು ಸ್ಯೂಡೋಮೊನಾಸ್ ಬಿಟ್ಟರು. ಅದು ರೋಗಕ್ಕೆ, ಕೀಟಕ್ಕಲ್ಲ. ಟ್ರೈಕೋಡರ್ಮಾ ಕೂಡ ಹಾಗೆಯೇ, ಬುಡ ಕೊಳೆಯುವುದಕ್ಕೆ. ಕೀಟಕ್ಕೆ ಆಗುವ ಶಿಲೀಂಧ್ರಗಳು ಮೊದಲಿನ ಎರಡು. ಲೆಕಾನಿಸಿಲಿಯಂ ಹೇನು, ಬಿಳಿನೊಣದಂಥ ಹೀರುವವರಿಗೆ. ಬಿವೇರಿಯಾ ತಿಗಣೆ, ದುಂಬಿ, ಕಂಬಳಿಹುಳಗಳಿಗೆ. ಪುಡಿಯಾದರೆ ಲೀಟರಿಗೆ 20 ಗ್ರಾಂ, ಕದಡಿ ತಿಳಿಯಾಗಲು ಬಿಟ್ಟು ಮೇಲಿನ ನೀರನ್ನು ಸಂಜೆ ಬಿಡುವುದು. ಶಿಲೀಂಧ್ರ ಕೀಟದ ಮೈಮೇಲೆ ಮೊಳೆತು ಒಳಗಿಳಿಯಬೇಕು, ಅದಕ್ಕೆ ತೇವ ಬೇಕು. ಏಪ್ರಿಲಿನ ಬಿಸಿಲಲ್ಲಿ ಮಂಕಾಗುವ ಇದೇ ಮದ್ದು ಮಳೆಯ ಬಿಡುವಿನಲ್ಲಿ ಬೇವನ್ನು ಮೀರಿಸುತ್ತದೆ. ಕೊಂದದ್ದು ಅದೇ ಎಂದು ತಿಳಿಯಲು ವಾರ ಕಳೆದು ನೋಡಿ, ಸತ್ತ ಕೀಟ ಹತ್ತಿ ಸುತ್ತಿದ ಹಾಗೆ ಬೆಳ್ಳಗಾಗಿರುತ್ತದೆ.

ಎರಡು ಎಚ್ಚರ ಬೇಕು. ಜೀವವಿರುವ ಮದ್ದು, ಆದ್ದರಿಂದ ತಯಾರಾದ ದಿನಾಂಕ ನೋಡದೆ ಕೊಳ್ಳಬಾರದು, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬಾರದು. ಮತ್ತೆ, ಅಡಿಕೆಗೆ ಬೋರ್ಡೋ ಬಿಟ್ಟ ಪಂಪನ್ನು ಹಾಗೆಯೇ ಇದಕ್ಕೆ ಬಳಸಿದರೆ ತಾಮ್ರದ ಅಂಶಕ್ಕೆ ಶಿಲೀಂಧ್ರವೇ ಸಾಯುತ್ತದೆ. ತರಕಾರಿಗೆಂದೇ ಒಂದು ಸಣ್ಣ ಕೈಪಂಪು ಇಟ್ಟುಕೊಳ್ಳುವುದು ಲಾಭ. ಪೊಟ್ಟಣದ ಬಗ್ಗೆ ಅನುಮಾನವಿದ್ದರೆ ಊರಿನ ಕೃಷಿಭವನವಿದೆ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಆವರಣದ ಕೃಷಿ ವಿಜ್ಞಾನ ಕೇಂದ್ರವಿದೆ. ದಕ್ಷಿಣಕ್ಕಿರುವವರಿಗೆ ಪಡನ್ನಕ್ಕಾಡಿನ ಕೃಷಿ ಕಾಲೇಜು ಹತ್ತಿರ. ಹೋಗುವಾಗ ಹುಳ ಹಿಡಿದ ಎಲೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಬಾಯಿಮಾತಿನ ವಿವರಣೆಗೆ ಬಾಯಿಮಾತಿನ ಮದ್ದೇ ಸಿಗುತ್ತದೆ.

ಮಳೆಗಾಲದ ಹಿತ್ತಿಲು, ಬೇಸಗೆಯ ಗದ್ದೆ

ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಬೀಜ ಹಾಕಿ ಅಂಗಳದಂಚಿನಲ್ಲಿ ಎಬ್ಬಿಸುವ ಹಾಗಲ, ಮುಳ್ಳುಸೌತೆ, ಬೆಂಡೆಗೂ, ಕೊಯ್ಲಾದ ಗದ್ದೆಯಲ್ಲಿ ಬೇಸಗೆಗೆ ಮಾಡುವ ಸೌತೆ, ಅಲಸಂಡೆಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಜೂನ್, ಜುಲೈಯಲ್ಲಿ ಬೂದಿ, ತೆಳಿ, ಬೇವು ಮೂರೂ ತೋಡು ಸೇರುತ್ತವೆ. ಆಗ ಬಟ್ಟೆಯ ಚೀಲ, ಕೈಯಿಂದ ಹೆಕ್ಕುವುದು, ಮಳೆ ಬಿಟ್ಟ ಸಂಜೆಗೆ ಬಿವೇರಿಯಾ. ಬೇಸಗೆಯಲ್ಲಿ ಹೀರುವವರ ಕಾಟ ಜಾಸ್ತಿ, ಆಗ ತೆಳಿ, ಬೇವಿನ ಸರದಿ.

ಮಳೆಗಾಲಕ್ಕೆ ಈಗೀಗ ಸೇರಿಕೊಂಡ ಇನ್ನೊಂದು ಪೀಡೆ ಆಫ್ರಿಕದ ದೊಡ್ಡ ಬಸವನಹುಳು. ಉಪ್ಪು ಸುರಿಯುವುದು ಸುಲಭ. ಆದರೆ ಬಸವನಹುಳುವಿನೊಂದಿಗೆ ಆ ಜಾಗದ ಮಣ್ಣೂ ಕೆಡುತ್ತದೆ. ಒದ್ದೆ ಗೋಣಿಯಡಿ ಪಪ್ಪಾಯಿ ಎಲೆ ಇಟ್ಟರೆ ರಾತ್ರಿ ಅಲ್ಲಿ ಸೇರುತ್ತವೆ, ಬೆಳಿಗ್ಗೆ ಕೈಗೆ ಪ್ಲಾಸ್ಟಿಕ್ ಹಾಕಿಕೊಂಡು ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕುವುದು. ಆ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ.

ಸಂಜೆ ಮದ್ದು ಬಿಡಿ ಎಂದು ಮೇಲೆ ಹಲವು ಸಲ ಹೇಳಿದೆ. ಹಾಗಲ, ಸೌತೆಯ ಹೂ ಬೆಳಿಗ್ಗೆ ಅರಳಿ ಜೇನು ಬಂದು ಹೋಗಿರುತ್ತದೆ, ಅದಕ್ಕೆ ಸಂಜೆ ಸರಿ. ಹೀರೆ ಅರಳುವುದೇ ಸಂಜೆಗೆ, ಸೋರೆ, ಪಡುವಲವೂ ಕತ್ತಲಾಗುವ ಹೊತ್ತಿಗೆ. ಐದು ಗಂಟೆಗೆ ಹೀರೆಯ ಚಪ್ಪರದಡಿ ನಿಂತರೆ ಹಳದಿ ಹೂಗಳು ಒಂದೊಂದೇ ಬಿಚ್ಚಿಕೊಳ್ಳುವುದೂ, ದುಂಬಿ ಗುಂಯ್‌ಗುಡುತ್ತ ಬರುವುದೂ ಕಾಣುತ್ತದೆ. ಹೀರೆಗೆ ಬಿಡುವುದಿದ್ದರೆ ನಾಲ್ಕು ಗಂಟೆಗೆ, ಹೂಗಳು ಬಾಯಿ ಬಿಡುವ ಮೊದಲು, ಎಲೆಯಡಿಗೆ ಮಾತ್ರ ಬಿಟ್ಟು ಪಂಪು ತೊಳೆದಿಡಿ.